ನೈಟ್ರಿಕ್ ಆಕ್ಸೈಡ್ ತಯಾರಿಸುವ ನರಕೋಶಗಳನ್ನು ಕಂಡುಕೊಳ್ಳುವ ಬಗೆ: ನನ್ನ ಅನುಭವ

ನರಕೋಶಗಳ ನಡುವೆ ಸುದ್ದಿ ಒಯ್ಯುವ ಸಾಮಾನ್ಯ ನರವಾಹಕಗಳು ಪುಟ್ಟ ಚೀಲಗಳಲ್ಲಿ ತುಂಬಿಕೊಂಡಿದ್ದು, ಸಂಕೇತ ಬಂದಾಗ ಹೊರಬೀಳುತ್ತವೆ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲಕ್ಕೆ ಅಂಥ ಉಗ್ರಾಣವಿಲ್ಲ. ಕೋಶದೊಳಗೆ ಕ್ಯಾಲ್ಸಿಯಂ ಏರಿದಾಗ ಆರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ಆ ಕ್ಷಣದಲ್ಲೇ ತಯಾರಾಗಿ, ಪೊರೆಗಳನ್ನು ದಾಟಿ ಅಕ್ಕಪಕ್ಕದ ಕೋಶಗಳನ್ನು ಮುಟ್ಟಿ, ಬಹಳ ಬೇಗ ಇಲ್ಲವಾಗುತ್ತದೆ. ಹಾಗಾಗಿ ನಾನು ಹುಡುಕುವುದು ಅನಿಲವನ್ನಲ್ಲ, ಅದನ್ನು ತಯಾರಿಸುವ ಕಿಣ್ವವಿರುವ ಕೋಶವನ್ನು.

ಇದಕ್ಕೆ ನಾನು ನೆಚ್ಚಿಕೊಂಡಿರುವುದು ಎನ್‌ಎಡಿಪಿಎಚ್ ಡಯಾಫೊರೇಸ್ ಬಣ್ಣದ ವಿಧಾನ. ಇದರಲ್ಲಿ ಕಡುನೀಲಿಯಾಗುವ ಒಂಟಿ ನರಕೋಶಗಳು 1960ರ ದಶಕದಲ್ಲೇ ಕಂಡಿದ್ದವು. ಆ ಬಣ್ಣಕ್ಕೆ ಕಾರಣ ಅನಿಲ ತಯಾರಿಸುವ ಆ ಕಿಣ್ವವೇ, ಅಂದರೆ ನೈಟ್ರಿಕ್ ಆಕ್ಸೈಡ್ ಸಿಂಥೇಸ್ ಎಂದು ತಿಳಿದದ್ದು 1991ರಲ್ಲಿ.

ಇಡೀ ಕೆಲಸ ನಿಂತಿರುವುದು ಅಂಗಾಂಶವನ್ನು ಸ್ಥಿರಗೊಳಿಸುವ ಹಂತದ ಮೇಲೆ. 4% ಪ್ಯಾರಾಫಾರ್ಮಾಲ್ಡಿಹೈಡ್ ಇದೇ ಬಣ್ಣ ಮೂಡಿಸಬಲ್ಲ ಇತರ ಡಯಾಫೊರೇಸ್ ಕಿಣ್ವಗಳನ್ನು ಕುಗ್ಗಿಸುತ್ತದೆ, ನಮಗೆ ಬೇಕಾದದ್ದು ತಾಳಿಕೊಳ್ಳುತ್ತದೆ. ಈ ಹಂತ ಸಾಲದಾದರೆ ಹಿನ್ನೆಲೆಯೆಲ್ಲ ನೀಲಿ, ಅತಿಯಾದರೆ ಕೋಶಗಳೇ ಮಂಕು. ಇಲಿಯ ಮಿದುಳಿಗೆ ಹೃದಯದ ಮೂಲಕವೇ ದ್ರಾವಣ ಹರಿಸಿ, ಕೆಲವು ಗಂಟೆ ಅದರಲ್ಲೇ ನೆನೆಸಿ, ಮುಂದೆ 30% ಸುಕ್ರೋಸ್‌ನಲ್ಲಿ ತಳಕ್ಕಿಳಿಯುವವರೆಗೂ ಬಿಡುತ್ತೇನೆ. ಆಮೇಲೆ 40 ಮೈಕ್ರೋಮೀಟರ್ ದಪ್ಪದ ಹೋಳುಗಳು.

ಬಣ್ಣದ ದ್ರಾವಣ ಸರಳ: ಪಿಎಚ್ 7.4ರ ಫಾಸ್ಫೇಟ್ ಬಫರ್, 0.3% ಟ್ರೈಟಾನ್, ಮಿಲಿಲೀಟರಿಗೆ 1 ಮಿಲಿಗ್ರಾಂ ಎನ್‌ಎಡಿಪಿಎಚ್, 0.2 ಮಿಲಿಗ್ರಾಂ ನೈಟ್ರೋಬ್ಲೂ ಟೆಟ್ರಜೋಲಿಯಂ (ಕಿಣ್ವವಿದ್ದಲ್ಲಿ ನೀಲಿಯಾಗುವುದು ಇದೇ). ಬಳಸುವ ಮುನ್ನವೇ ಬೆರೆಸಿ, ಬೆಳಕು ತಾಗದಂತೆ ಮುಚ್ಚಿ, 37 ಡಿಗ್ರಿಯಲ್ಲಿ ಇಡಬೇಕು. ಗಡಿಯಾರಕ್ಕಿಂತ ಸೂಕ್ಷ್ಮದರ್ಶಕವನ್ನೇ ನಂಬಿ. ಮಿದುಳಿನ ಆಳದ ಸ್ಟ್ರೈಯೇಟಮ್ ಎಂಬ ಭಾಗದಲ್ಲಿ ಮೊದಲು ಚುಕ್ಕೆಗಳು ಏಳುತ್ತವೆ; ಅವುಗಳಿಂದ ಡೆಂಡ್ರೈಟ್‌ಗಳು ಮೂಡಿ, ಕವಲೊಡೆದು, ಎಳೆಯೆಳೆಯಾಗಿ ದೂರ ಹರಡುತ್ತವೆ. ಕವಲುಗಳು ಸ್ಪಷ್ಟವಾಗಿ, ಹಿನ್ನೆಲೆ ಇನ್ನೂ ತಿಳಿಯಾಗಿರುವಾಗಲೇ ತಣ್ಣನೆಯ ಬಫರ್‌ಗೆ ವರ್ಗಾಯಿಸುತ್ತೇನೆ. ಅಲ್ಲಿನ ನರಕೋಶಗಳಲ್ಲಿ ಇವು ಸುಮಾರು 1–2% ಮಾತ್ರ. ಆದರೂ ಅವುಗಳ ಕವಲುಗಳು ತಲುಪದ ಮೂಲೆಯೇ ಇಲ್ಲ ಎನಿಸುವಾಗ, ಇಷ್ಟು ಕಡಿಮೆ ಕೋಶಗಳಿಂದ ಅಷ್ಟೊಂದು ನೆರೆಯವರಿಗೆ ಸುದ್ದಿ ಮುಟ್ಟುವ ಬಗೆ ಪ್ರತಿಬಾರಿಯೂ ನನ್ನನ್ನು ಬೆರಗುಗೊಳಿಸುತ್ತದೆ.

ಎನ್‌ಎಡಿಪಿಎಚ್ ಹಾಕದ ಒಂದು ಹೋಳು ಪ್ರತಿ ಸಲದ ಹೋಳುಗಳ ಜೊತೆಗೂ ಇರಲೇಬೇಕು. ಅದರಲ್ಲಿ ಬಣ್ಣ ಬಂದರೆ ಉಳಿದವನ್ನು ನಂಬಲಾಗದು. ರಕ್ತನಾಳಗಳ ಒಳಪದರವೂ ನೀಲಿಯಾಗುತ್ತದೆ, ಗಾಬರಿ ಬೇಡ: ಅಲ್ಲಿಯೂ ಈ ಕಿಣ್ವದ ಇನ್ನೊಂದು ರೂಪವಿದೆ. ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ತಯಾರಿಸುವ ಕಿಣ್ವಗಳನ್ನು ಮಾತ್ರ ಇದು ತೋರಿಸದು, ಅವಕ್ಕೆ ಪ್ರತಿಕಾಯಗಳೇ ಬೇಕು.

ನೀಲಿ ಬಣ್ಣ ಹೇಳುವುದು ಕೋಶಕ್ಕೆ ಅನಿಲ ತಯಾರಿಸುವ ಶಕ್ತಿಯಿದೆ ಎಂದಷ್ಟೇ. ಅದು ನಿಜಕ್ಕೂ ಹೊರಬಂದು ಕೆಲಸ ಮಾಡಿತೇ ಎಂದು ಅರಿಯಲು, ಸ್ಥಿರಗೊಳಿಸುವ ಮುನ್ನ ಜೀವಂತ ಹೋಳುಗಳನ್ನು ಪ್ರಚೋದಿಸಿ, ಪಕ್ಕದ ಕೋಶಗಳಲ್ಲಿ ಸೈಕ್ಲಿಕ್ ಜಿಎಂಪಿ (ಈ ಅನಿಲ ಮುಟ್ಟಿದಾಗ ಕೋಶದೊಳಗೆ ಹೆಚ್ಚುವ ಸಂಕೇತ ಅಣು) ಏರಿದೆಯೇ ಎಂದು ಪ್ರತ್ಯೇಕವಾಗಿ ನೋಡುತ್ತೇನೆ.