ಅಕ್ವೇರಿಯಂ ನೀರು ಬಗ್ಗಡವಾಯಿತೇ? ತೊಟ್ಟಿ ಬರಿದು ಮಾಡಬೇಡಿ

ನೀರು ಮಂಕಾದ ಕೂಡಲೇ ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿ ಬರಿದು ಮಾಡಿ, ಕಲ್ಲು, ಗಾಜು, ಫಿಲ್ಟರ್ ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವುದು ಅನೇಕ ಮನೆಗಳ ರೂಢಿ. ಎರಡು ದಿನ ನೀರು ಫಳಫಳಿಸುತ್ತದೆ, ಮೂರನೆಯ ದಿನ ಮತ್ತೆ ಬೆಳ್ಳಗಾಗುತ್ತದೆ. ಮೀನಿನ ಹೇಲಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲೂ ಕಲ್ಲಿನ ಮೇಲೂ ಇರುತ್ತವೆ. ತೊಳೆದು ಚರಂಡಿಗೆ ಬಿಡುವುದು ಅವುಗಳನ್ನೇ.

ಮೊದಲು ಗಾಜಿನ ಲೋಟದಲ್ಲಿ ನೀರು ತೆಗೆದು, ಹಿಂದೆ ಬಿಳಿ ಹಾಳೆ ಹಿಡಿದು ಬಣ್ಣ ನೋಡಿ. ಚಹಾ ಬಣ್ಣವಿದ್ದರೆ ಒಳಗಿಟ್ಟ ಮರದ ತುಂಡು ಬಿಟ್ಟ ರಸ, ತೊಂದರೆಯಿಲ್ಲ. ಹಸಿರಾಗಿದ್ದರೆ ಪಾಚಿ. ಕಿಟಕಿಯ ಬಿಸಿಲು ತಪ್ಪಿಸಿ, ದೀಪವನ್ನು ದಿನಕ್ಕೆ ಆರು ಗಂಟೆಗೆ ಇಳಿಸಿ. ಹಾಲು ಬೆರೆಸಿದಂತಿದ್ದರೆ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿದೆ ಎಂದರ್ಥ. ಹೊಸ ತೊಟ್ಟಿಯಲ್ಲಿ ಇದು ಸಹಜ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನೇ ತಿಳಿಯಾಗುತ್ತದೆ. ಹಳೆಯ ತೊಟ್ಟಿಯಲ್ಲಾದರೆ ಆಹಾರ ಹೆಚ್ಚಾಗಿರಬಹುದು ಅಥವಾ ಎಲ್ಲೋ ಮೂಲೆಯಲ್ಲಿ ಮೀನೊಂದು ಸತ್ತು ಕೊಳೆಯುತ್ತಿರಬಹುದು. ಗಿಡಗಳ ಬುಡ, ಫಿಲ್ಟರಿನ ಹಿಂಬದಿ ಹುಡುಕಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ.

ಇನ್ನು ಫಿಲ್ಟರ್ ತೊಳೆಯುವ ಕ್ರಮ. ತೊಟ್ಟಿಯದೇ ನೀರನ್ನು ಒಂದು ಬಕೆಟ್ಟಿಗೆ ತೆಗೆದುಕೊಂಡು ಸ್ಪಂಜನ್ನು ಅದರಲ್ಲಿ ಮುಳುಗಿಸಿ ಹಿಂಡಿ. ಕಂದು ರಾಡಿ ಇಳಿಯುತ್ತದೆ. ಎರಡು ಮೂರು ಸಲ ಹಿಂಡಿ ನಿಲ್ಲಿಸಿ. ಸ್ಪಂಜು ಹೊಸದರಂತೆ ಕಾಣಬೇಕಿಲ್ಲ, ಕಾಣಲೂಬಾರದು. ನೀರು ಸಲೀಸಾಗಿ ಹಾಯ್ದರೆ ಸಾಕು. ಸೋಪು ಸುತರಾಂ ಬೇಡ. ಎರಡು ಸ್ಪಂಜುಗಳಿದ್ದರೆ ಒಂದೇ ದಿನ ಎರಡನ್ನೂ ತೊಳೆಯಬೇಡಿ. ಫಿಲ್ಟರ್ ಗಂಟೆಗೆ ತೊಟ್ಟಿಯ ನಾಲ್ಕೈದು ಪಟ್ಟು ನೀರನ್ನು ಹಾಯಿಸುವಂತಿರಬೇಕು. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು 54 ಲೀಟರ್. ಅದಕ್ಕೆ ಗಂಟೆಗೆ 250 ಲೀಟರ್ ಹಾಯಿಸುವ ಫಿಲ್ಟರ್ ಸಾಲುತ್ತದೆ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಶಿವಮೊಗ್ಗದ ನಲ್ಲಿಗೆ ಬರುವುದು ತುಂಗೆಯ ನೀರು. ಮಳೆಗಾಲದಲ್ಲಿ ಹೊಳೆಯೇ ಕೆಂಪಾಗಿ ಹರಿಯುವುದರಿಂದ ನಲ್ಲಿ ನೀರೂ ಕೆಲವೊಮ್ಮೆ ಮಸುಕಾಗಿರುತ್ತದೆ. ಡ್ರಮ್ಮಿನಲ್ಲಿ ಒಂದು ದಿನ ತೆರೆದಿಟ್ಟರೆ ಮಣ್ಣು ತಳ ಸೇರುತ್ತದೆ, ಕ್ಲೋರಿನ್ ಹಾರಿಹೋಗುತ್ತದೆ. ಮೇಲಿನ ತಿಳಿಯನ್ನಷ್ಟೇ ಬಳಸಿ. ತೀರ್ಥಹಳ್ಳಿ, ಹೊಸನಗರದ ಕಡೆ ಬಾವಿ ನೀರು ಬಳಸುವವರಿಗೆ ಕ್ಲೋರಿನ್ ಚಿಂತೆಯಿಲ್ಲ. ಆದರೆ ಆ ನೀರು ಸುಣ್ಣದಂಶ ಕಡಿಮೆಯಿದ್ದು ಮೆದುವಾಗಿ, ಹುಳಿಯ ಕಡೆಗಿದ್ದರೆ ಬ್ಯಾಕ್ಟೀರಿಯಾಗಳು ಮಂದವಾಗುತ್ತವೆ. ಫಿಲ್ಟರಿನಲ್ಲಿ ಒಂದು ಹಿಡಿ ತೊಳೆದ ಕಪ್ಪೆಚಿಪ್ಪಿನ ಚೂರು ಹಾಕಿದರೆ ಸರಿಹೋಗುತ್ತದೆ.

ಮಲೆನಾಡಿನಲ್ಲಿ ಫಿಲ್ಟರಿನ ದೊಡ್ಡ ವೈರಿ ಕರೆಂಟು. ತಂತಿಯ ಮೇಲೆ ಮರ ಬಿದ್ದರೆ ದಿನವಿಡೀ ಬರುವುದಿಲ್ಲ. ಮುಚ್ಚಿದ ಫಿಲ್ಟರಿನೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ಸ್ಪಂಜನ್ನು ಹೊರತೆಗೆದು ತೊಟ್ಟಿಯ ನೀರಿಗೇ ಬಿಡಿ, ಆಹಾರ ನಿಲ್ಲಿಸಿ, ಬ್ಯಾಟರಿಯ ಏರ್ ಪಂಪ್ ಹಚ್ಚಿ. ಅದಿಲ್ಲದಿದ್ದರೆ ಆಗಾಗ ಒಂದು ಚೊಂಬು ನೀರನ್ನು ಮೊಗೆದು ಎತ್ತರದಿಂದ ಸುರಿಯಿರಿ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ವಾರದ ಲೆಕ್ಕ ನೋಡದೆ, ಡ್ರಮ್ಮಿನಲ್ಲಿ ತೆರೆದಿಟ್ಟ ನೀರಿನಿಂದ ಮೂರನೆಯ ಒಂದು ಭಾಗವನ್ನು ಕೂಡಲೇ ಬದಲಿಸಿ.