ಆಟವೂ ಹಾಳೆಯೂ ಒಂದೇ ಪ್ರಶ್ನೆ ಕೇಳಲಿ: ಗಣಿತದ ತರಗತಿಗೆ ಚಟುವಟಿಕೆ, ವರ್ಕ್‌ಶೀಟ್ ತಯಾರಿಸುವುದು ಹೇಗೆ?

ಗಣಿತದ ಚಟುವಟಿಕೆ ಎಂದ ಕೂಡಲೇ ಬಣ್ಣದ ಕಾಗದ, ಕತ್ತರಿ, ಅಂಟು ನೆನಪಾಗುತ್ತವೆ. ವರ್ಕ್‌ಶೀಟ್ ಎಂದರೆ ಒಂದೇ ಥರದ ಮೂವತ್ತು ಲೆಕ್ಕ, ಮೂಲೆಯಲ್ಲೊಂದು ನಗುವ ಆನೆಮರಿ. ಮೊದಲನೆಯದರಲ್ಲಿ ಮಕ್ಕಳು ಗಲಾಟೆ ಮಾಡುತ್ತಾ ಖುಷಿಪಡುತ್ತಾರೆ. ಎರಡನೆಯದನ್ನು ತುಟಿಪಿಟಕ್ಕೆನ್ನದೆ ಮುಗಿಸಿ ಕೊಡುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಕೈಯಲ್ಲಿ ಮಾಡಿದ್ದು, ಹಾಳೆಯಲ್ಲಿ ಬರೆದದ್ದು ಎರಡೂ ಒಂದೇ ಪ್ರಶ್ನೆಯ ಬೆನ್ನು ಹತ್ತಬೇಕು. ಅದಕ್ಕೆ ದುಬಾರಿ ಸಾಮಾನೇನೂ ಬೇಡ. ಸೀಮೆಸುಣ್ಣ, ಎರಡು ದಾಳ, ಒಂದಿಷ್ಟು ಹಳೆಯ ಹಾಳೆ ಇದ್ದರೆ ಸಾಕು.

ಮೊದಲು ತಪ್ಪನ್ನು ಹುಡುಕಿ

"ಈ ವಾರ ಯಾವ ಆಟ ಆಡಿಸಲಿ?" ಎಂದು ಹೊರಟರೆ ಆಟ ಸಿಗುತ್ತದೆ, ಗಣಿತ ಸಿಗುವುದಿಲ್ಲ. ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದರಿಂದ ಶುರುಮಾಡಿ.

ಮಕ್ಕಳ ತಪ್ಪುಗಳಿಗೂ ಒಂದು ಕ್ರಮ ಇರುತ್ತದೆ. 403ರಿಂದ 157 ಕಳೆಯಿರಿ ಎಂದರೆ ಕೆಲವರ ಉತ್ತರ 354. ಗಮನ ಇಲ್ಲದೆ ಬರೆದದ್ದು ಎಂದು ಬೈಯುವ ಮೊದಲು ಒಮ್ಮೆ ನೋಡಿ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾರೆ: 7ರಲ್ಲಿ 3 ಹೋದರೆ 4, 5ರಲ್ಲಿ 0 ಹೋದರೆ 5, 4ರಲ್ಲಿ 1 ಹೋದರೆ 3. ಮಗು ತನ್ನದೇ ಒಂದು ನಿಯಮ ಕಟ್ಟಿಕೊಂಡು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಇಂಥ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ಆ ನಿಯಮವೇ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ.

0.4ಕ್ಕಿಂತ 0.35 ದೊಡ್ಡದು ಎನ್ನುವವರೂ ಹೀಗೆಯೇ. 4ಕ್ಕಿಂತ 35 ದೊಡ್ಡದಲ್ವಾ ಎಂಬುದು ಅವರ ವಾದ. 8 + 4 = □ + 5 ಎಂದು ಬರೆದುಕೊಟ್ಟರೆ ಖಾಲಿ ಚೌಕದಲ್ಲಿ 12 ತುಂಬುವವರು ಬೇಕಾದಷ್ಟು ಸಿಗುತ್ತಾರೆ. ಸಮ ಚಿಹ್ನೆ ಎಂದರೆ "ಉತ್ತರ ಇಲ್ಲಿ ಬರಿ" ಎಂದು ಅವರು ತಿಳಿದಿರುತ್ತಾರೆ. ಎರಡೂ ಬದಿ ತೂಗಬೇಕು ಎಂಬುದು ತಲೆಗೆ ಬಂದಿರುವುದಿಲ್ಲ. ಒಂದು ಪೀರಿಯಡ್‌ಗೆ ಇಂಥದ್ದೊಂದೇ ತಪ್ಪು ಆರಿಸಿಕೊಳ್ಳಿ. ಎರಡು ಬೇಡ.

ಗಣಿತ ತೆಗೆದರೂ ಆಟ ನಡೆಯುತ್ತದೆಯೇ?

ಚಟುವಟಿಕೆ ಆರಿಸುವಾಗ ಇದೊಂದು ಪ್ರಶ್ನೆ ಕೇಳಿಕೊಳ್ಳಿ. ನಡೆಯುತ್ತದೆ ಎಂದಾದರೆ ಆ ಆಟವನ್ನು ಬಿಡಿ. ಮ್ಯೂಸಿಕಲ್ ಚೇರ್ ಆಡಿಸಿ, ಔಟಾದವರಿಗೆ ಮಗ್ಗಿ ಕೇಳುವುದನ್ನು ಗಣಿತದ ಚಟುವಟಿಕೆ ಎನ್ನಲಾಗದು. ಅಲ್ಲಿ ಮಗ್ಗಿ ಎಂದರೆ ಶಿಕ್ಷೆ. ಒಳ್ಳೆಯ ಆಟದಲ್ಲಿ ಲೆಕ್ಕ ಮಾಡದೆ ಮುಂದಕ್ಕೆ ಹೋಗಲು ಆಗಬಾರದು.

ದಾಳದ ಓಟವನ್ನೇ ನೋಡಿ. ಬೋರ್ಡಿನ ಮೇಲೆ 1ರಿಂದ 12ರವರೆಗೆ ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಮುಂದೆ ಹತ್ತು ಮನೆ ಎಳೆಯಿರಿ. ಒಂದೊಂದೂ ಒಂದು ಕುದುರೆ. ಪ್ರತಿ ಜೋಡಿ ಮಕ್ಕಳು ಒಂದು ಕುದುರೆ ಆರಿಸಲಿ. ಎರಡು ದಾಳ ಒಟ್ಟಿಗೆ ಹಾಕಿ, ಮೊತ್ತ ಎಷ್ಟೋ ಆ ಕುದುರೆ ಒಂದು ಮನೆ ಮುಂದಕ್ಕೆ. ಮೊದಲು ಹತ್ತನೆಯ ಮನೆ ಮುಟ್ಟಿದವರು ಗೆದ್ದರು.

1ನೇ ಕುದುರೆಯನ್ನು ಯಾರೋ ಒಬ್ಬರು ಆರಿಸಿಯೇ ಆರಿಸುತ್ತಾರೆ. ತಡೆಯಬೇಡಿ. ಅದು ಅಲುಗುವುದೇ ಇಲ್ಲ ಎಂದು ಸ್ವಲ್ಪ ಹೊತ್ತಿಗೆ ಅವರೇ ತಕರಾರು ತೆಗೆಯುತ್ತಾರೆ. ಎರಡು ದಾಳ ಸೇರಿ 1 ಬರಲು ಸಾಧ್ಯವೇ ಇಲ್ಲ ಎಂಬುದನ್ನು ನೀವು ಹೇಳಬೇಕಾಗಿಲ್ಲ, ಅವರೇ ಕೂಗಿ ಹೇಳುತ್ತಾರೆ. 2 ಮತ್ತು 12 ಹಿಂದೆ ಬೀಳುವುದು, 6, 7, 8 ಓಡುವುದು ನಿಧಾನಕ್ಕೆ ಕಣ್ಣಿಗೆ ಬೀಳುತ್ತದೆ. ಎರಡನೆಯ ಓಟಕ್ಕೆ ಕುದುರೆ ಬದಲಿಸಲು ಬಿಡಿ. ಎಲ್ಲರಿಗೂ 7 ಬೇಕು! "ಯಾಕೆ?" ಎಂದು ಕೇಳಿ, ಉತ್ತರ ಹೇಳದೆ ವರ್ಕ್‌ಶೀಟ್ ಹಂಚಿ.

ಹಾಳೆಯಲ್ಲಿ ಒಂದೇ ಕೆಲಸ. ಆರು ಸಾಲು, ಆರು ಕಂಬಸಾಲು ಇರುವ ಖಾಲಿ ಪಟ್ಟಿ. ಮೊದಲ ದಾಳ ಪಕ್ಕದಲ್ಲಿ, ಎರಡನೆಯದು ಮೇಲೆ. ಮಕ್ಕಳು 36 ಮನೆಗಳಲ್ಲೂ ಮೊತ್ತ ತುಂಬಬೇಕು. 7 ಆರು ಕಡೆ ಬರುತ್ತದೆ, 2 ಒಂದೇ ಕಡೆ, 12 ಒಂದೇ ಕಡೆ. ಕೊನೆಯ ಪ್ರಶ್ನೆ: "ಹಾಗಾದರೆ 7 ಗೆದ್ದೇ ಗೆಲ್ಲುತ್ತದೆಯೇ?" ಅವತ್ತಿನ ಓಟದಲ್ಲಿ 5 ಅಥವಾ 9 ಗೆದ್ದುಬಿಟ್ಟಿದ್ದರೆ ಪಾಠ ಕೆಟ್ಟಿತು ಎಂದುಕೊಳ್ಳಬೇಡಿ. ಸಂಭವ ಜಾಸ್ತಿ ಇರುವುದು ಬೇರೆ, ಖಂಡಿತ ಆಗುವುದು ಬೇರೆ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಇಲ್ಲ.

ನೆಲದ ಮೇಲೆ ಸಂಖ್ಯಾರೇಖೆ

ಋಣ ಸಂಖ್ಯೆಯನ್ನು ಕಳೆದರೆ ಕೂಡಿದ ಹಾಗೆ ಯಾಕಾಗುತ್ತದೆ? "ಮೈನಸ್ ಮೈನಸ್ ಸೇರಿ ಪ್ಲಸ್" ಎಂದು ಬಾಯಿಪಾಠ ಮಾಡಿಸಿದರೆ ಮಕ್ಕಳು −3 − 2ಕ್ಕೂ 5 ಎಂದು ಬರೆಯುತ್ತಾರೆ. ಅದರ ಬದಲು ನಡೆಸಿ ನೋಡಿ.

ನೆಲದ ಮೇಲೆ −10ರಿಂದ 10ರವರೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಎರಡು ಸಂಖ್ಯೆಗಳ ನಡುವೆ ಒಂದು ಹೆಜ್ಜೆಯ ಅಂತರ, ಎಲ್ಲ ಕಡೆ ಅಷ್ಟೇ ಇರಲಿ. ಚಿಹ್ನೆ ಕೂಡುವುದಾದರೆ 10ರ ಕಡೆ ಮುಖ, ಕಳೆಯುವುದಾದರೆ −10ರ ಕಡೆ ಮುಖ. ನಂತರದ ಸಂಖ್ಯೆ ಧನವಾದರೆ ಮುಂದಕ್ಕೆ ಹೆಜ್ಜೆ. ಋಣವಾದರೆ ಮುಖ ತಿರುಗಿಸದೆ ಹಿಂದಕ್ಕೆ ಹೆಜ್ಜೆ. ನಿಯಮ ಇಷ್ಟೇ.

ಈಗ 3 − (−2). ಮಗು 3ರ ಮೇಲೆ ನಿಲ್ಲುತ್ತದೆ. ಕಳೆಯುವುದು, ಆದ್ದರಿಂದ −10ರ ಕಡೆ ತಿರುಗುತ್ತದೆ. ಸಂಖ್ಯೆ ಋಣ, ಆದ್ದರಿಂದ ಹಿಮ್ಮುಖವಾಗಿ ಎರಡು ಹೆಜ್ಜೆ. ಕೆಳಗೆ ನೋಡಿದರೆ 5. ಅದೇ ಮಗು 3 + (−2)ಕ್ಕೆ 10ರ ಕಡೆ ಮುಖ ಮಾಡಿ ಹಿಂದಕ್ಕೆ ನಡೆದು 1ಕ್ಕೆ ಬರುತ್ತದೆ. ಎಷ್ಟೋ ಮಕ್ಕಳು ನಿಂತ ಜಾಗವನ್ನೇ "ಒಂದು" ಎಂದು ಎಣಿಸಿಬಿಡುತ್ತಾರೆ. ಕಾಲು ಎತ್ತಿಟ್ಟ ಮೇಲೆ ಎಣಿಸಬೇಕು ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಎಲ್ಲ ಉತ್ತರವೂ ಒಂದೊಂದು ತಪ್ಪುತ್ತದೆ.

ಒಬ್ಬರು ನಡೆಯುವಾಗ ಉಳಿದವರು ಸುಮ್ನೆ ನೋಡುತ್ತಾ ನಿಲ್ಲಬಾರದು. ಹೆಜ್ಜೆ ಇಡುವ ಮೊದಲೇ ಎಲ್ಲಿಗೆ ತಲುಪುತ್ತಾರೆ ಎಂದು ಪ್ರತಿಯೊಬ್ಬರೂ ಬರೆದಿಟ್ಟುಕೊಳ್ಳಲಿ.

ಇದರ ಬೆನ್ನಿಗೆ ಬರುವ ವರ್ಕ್‌ಶೀಟ್ ಹೀಗಿರಬಹುದು. ಮೊದಲು ಚಿಕ್ಕ ಸಂಖ್ಯಾರೇಖೆ ಇರುವ ಎರಡು ಲೆಕ್ಕ, ನಡೆದದ್ದನ್ನು ಬಾಣ ಹಾಕಿ ತೋರಿಸಲು. ಆಮೇಲೆ ಈ ಸಾಲು: 3 − 2, 3 − 1, 3 − 0, 3 − (−1), 3 − (−2). ಉತ್ತರ 1, 2, 3, 4, 5 ಎಂದು ಒಂದೊಂದೇ ಏರುತ್ತದೆ. ನೆಲದ ಮೇಲೆ ಕಾಲು ಕಂಡುಕೊಂಡದ್ದನ್ನು ಇಲ್ಲಿ ಕಣ್ಣು ಕಾಣುತ್ತದೆ. ಕೊನೆಗೆ ಉಲ್ಟಾ ಪ್ರಶ್ನೆ: "−4ರಿಂದ ಹೊರಟು 1ಕ್ಕೆ ಬಂದೆ. ಎರಡು ಬೇರೆ ಬೇರೆ ರೀತಿಯಲ್ಲಿ ಲೆಕ್ಕ ಬರಿ." −4 + 5 ಎಲ್ಲರಿಗೂ ಸಿಗುತ್ತದೆ. −4 − (−5) ಬರೆದ ಮಗುವಿಗೆ ವಿಷಯ ಅರ್ಥವಾಗಿದೆ.

ಮೊದಲು ಕೈಕಾಲು, ಆಮೇಲೆ ಚಿತ್ರ, ಕೊನೆಗೆ ಚಿಹ್ನೆ. ಕಲಿಕೆಯ ಈ ಮೂರು ರೂಪಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ವಿವರಿಸಿದ್ದರು. ಸಿಂಗಪುರದ ಶಾಲೆಗಳ ಗಣಿತ ಬೋಧನೆ ಇದನ್ನೇ ನೆಚ್ಚಿಕೊಂಡಿದೆ. ನಮ್ಮಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ನಡುವಿನ ಚಿತ್ರ.

ಹಾಳೆ ಬರೆಯುವಾಗ

ಆರೇಳು ಪ್ರಶ್ನೆ ಸಾಕು. ಮೂವತ್ತು ಕೊಟ್ಟರೆ ಬೇಗ ಮುಗಿಸುವುದೇ ಗುರಿಯಾಗುತ್ತದೆ. ಪ್ರಶ್ನೆಗಳು ಒಂದಕ್ಕೊಂದು ಕೈಹಿಡಿದಿರಲಿ. 25 × 4 ಆದ ಮೇಲೆ 25 × 8, ಆಮೇಲೆ 25 × 16 ಕೊಟ್ಟರೆ, ಹಿಂದಿನ ಉತ್ತರವನ್ನು ಎರಡರಷ್ಟು ಮಾಡಿದರೆ ಸಾಕು ಎಂದು ಯಾರಾದರೂ ಕಂಡುಹಿಡಿಯುತ್ತಾರೆ. ಅದೇ ಲೆಕ್ಕಗಳನ್ನು ಚೆಲ್ಲಾಪಿಲ್ಲಿ ಇಟ್ಟರೆ ಈ ಲಾಭ ಹೋಯಿತು.

ಒಂದಾದರೂ ಪ್ರಶ್ನೆಗೆ ಹಲವು ಉತ್ತರ ಇರಲಿ. "ಉದ್ದ 8, ಅಗಲ 4 ಇರುವ ಆಯತದ ಸುತ್ತಳತೆ ಎಷ್ಟು?" ಎಂದು ಕೇಳಿದರೆ ಕೂಡಿಸಿ 24 ಎಂದು ಬರೆದು ಪೆನ್ಸಿಲ್ ಕೆಳಗಿಡುತ್ತಾರೆ. ಅದನ್ನೇ ತಿರುಗಿಸಿ. "ಸುತ್ತಳತೆ 24 ಸೆಂಟಿಮೀಟರ್ ಇರುವ ಆಯತಗಳನ್ನು ಬರಿ. ಯಾವುದರ ವಿಸ್ತೀರ್ಣ ಹೆಚ್ಚು?" 11 ಮತ್ತು 1 ತೆಗೆದುಕೊಂಡರೆ 11 ಚದರ ಸೆಂಟಿಮೀಟರ್, 10 ಮತ್ತು 2 ಆದರೆ 20, ಕೊನೆಗೆ 6 ಮತ್ತು 6ಕ್ಕೆ 36. ಸುತ್ತಳತೆ ಒಂದೇ ಆದರೆ ವಿಸ್ತೀರ್ಣವೂ ಒಂದೇ ಎಂದುಕೊಂಡಿದ್ದವರು ಇಲ್ಲಿ ನಿಂತು ಯೋಚಿಸುತ್ತಾರೆ. ನಿಧಾನಿಸುವ ಮಗುವೂ ಎರಡು ಆಯತ ಬರೆಯುತ್ತದೆ, ಚುರುಕಿನ ಮಗು 6.5 ಮತ್ತು 5.5ಕ್ಕೂ ಕೈಹಾಕುತ್ತದೆ. ಬೇಗ ಮುಗಿಸಿದವರಿಗೆ ಇನ್ನೊಂದು ಹಾಳೆ ಕೊಡುವ ಕಷ್ಟವೂ ಇಲ್ಲ.

ಇನ್ನೊಂದು ಬಗೆ, ನನಗೆ ತುಂಬಾ ಇಷ್ಟವಾದದ್ದು: ತಪ್ಪು ಮಾಡಿದ ಲೆಕ್ಕವನ್ನೇ ಅಚ್ಚು ಹಾಕಿ ಕೊಡುವುದು. "403 − 157 = 354 ಎಂದು ಒಬ್ಬರು ಬರೆದಿದ್ದಾರೆ. ಎಲ್ಲಿ ತಪ್ಪಿದರು? ಅವರಿಗೆ ಏನು ಹೇಳುತ್ತೀಯ?" ತನ್ನ ತಪ್ಪು ಒಪ್ಪಿಕೊಳ್ಳಲು ಹಿಂಜರಿಯುವ ಮಗು ಇನ್ನೊಬ್ಬರ ತಪ್ಪನ್ನು ಬಲು ಹುರುಪಿನಿಂದ ತಿದ್ದುತ್ತದೆ. ಕೂಡಿಸಿ ತಾಳೆ ನೋಡುವುದೂ ಆಗಲೇ ಬಂದುಬಿಡುತ್ತದೆ: 354 + 157 = 511. 403 ಎಲ್ಲಿ?

ಚಿತ್ರ ಬರೆಯಲು, ಹೊಡೆದುಹಾಕಲು ಜಾಗ ಬಿಡಿ. ಆನೆಮರಿ ಬೇಡ.

ಅಭ್ಯಾಸ ಬೇಡವೇ?

ಬೇಕು. ದಶಕ ಸಹಿತ ಕಳೆಯುವ ಲೆಕ್ಕ ಕೈಗೆ ಕೂರಲು ಹತ್ತಾರು ಸಲ ಮಾಡಲೇಬೇಕು. ಆದರೆ ಹತ್ತಾರು ಸಲ ಮಾಡಲು ಮಗುವಿಗೆ ಒಂದು ಕಾರಣ ಬೇಕು. ಅಂಥ ಕಾರಣವನ್ನು ನಮಗೆ ಕೊಟ್ಟವರು ಒಬ್ಬ ಶಾಲಾ ಮೇಷ್ಟ್ರು. ಮಹಾರಾಷ್ಟ್ರದ ದೇವಳಾಲಿಯಲ್ಲಿ ಪಾಠ ಮಾಡುತ್ತಿದ್ದ ಡಿ. ಆರ್. ಕಾಪ್ರೇಕರ್ 1949ರಲ್ಲಿ 6174 ಎಂಬ ಸಂಖ್ಯೆಯ ಚಮತ್ಕಾರ ತೋರಿಸಿದರು.

ನಾಲ್ಕಂಕಿಯ ಯಾವ ಸಂಖ್ಯೆಯಾದರೂ ಸರಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ ಸಂಖ್ಯೆಯನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. 3524 ತೆಗೆದುಕೊಂಡರೆ 5432 − 2345 = 3087. ಆಮೇಲೆ 8730 − 0378 = 8352. ಆಮೇಲೆ 8532 − 2358 = 6174. ಮುಂದೆ ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಏಳು ಸಲದೊಳಗೆ ಅಲ್ಲಿಗೇ ಬರಬೇಕು. ಬರದಿದ್ದರೆ ಕಳೆಯುವಾಗ ಎಲ್ಲೋ ತಪ್ಪಿದೆ. ಮಧ್ಯದಲ್ಲಿ ಬರುವ ಸೊನ್ನೆಯನ್ನು ಬಿಟ್ಟುಬಿಡಬಾರದು, 999 ಬಂದರೆ 0999 ಎಂದೇ ಬರೆಯಬೇಕು.

ಚಿಕ್ಕ ಮಕ್ಕಳಿಗೆ ಮೂರಂಕಿಯ ಆಟ ಕೊಡಿ. ಅದು 495ಕ್ಕೆ ಬಂದು ನಿಲ್ಲುತ್ತದೆ, ಆರು ಸಲದೊಳಗೆ. 721 − 127 = 594, ಮುಂದೆ 954 − 459 = 495. ಇದರಲ್ಲೊಂದು ಗುಟ್ಟಿದೆ: ಪ್ರತಿ ಉತ್ತರದ ನಡುವಿನ ಅಂಕಿ 9. ಬೇರೇನಾದರೂ ಬಂದರೆ ತಪ್ಪಿದೆ ಎಂದು ಮಗುವಿಗೇ ತಿಳಿಯುತ್ತದೆ, ಮೇಷ್ಟ್ರ ಹತ್ತಿರ ಓಡಬೇಕಾಗಿಲ್ಲ. ಬೀಜಗಣಿತ ಶುರುವಾದ ತರಗತಿಯಲ್ಲಿ "ಯಾಕೆ 9?" ಎಂದು ಕೇಳಿ. ಅಂಕಿಗಳು ಇಳಿಕೆ ಕ್ರಮದಲ್ಲಿ ಅ, ಬ, ಕ ಆದರೆ, ಕಳೆದಾಗ ನಡುವಿನ ಬ ಹೊರಟುಹೋಗಿ 99 × (ಅ − ಕ) ಉಳಿಯುತ್ತದೆ. 99, 198, 297 ಎಂದು ಸಾಲಾಗಿ ಬರೆಸಿ ನೋಡಿ.

ಒಂದು ಹಾಳೆ, ಒಂದು ನೂಲಿನಲ್ಲಿ ಆಗುವಂಥವು

ಕಾಗದದ ಪಟ್ಟಿಯನ್ನು ಅರ್ಧ ಮಡಚಿ, ಮತ್ತೆ ಅರ್ಧ, ಮತ್ತೆ ಅರ್ಧ ಮಡಚಿ ಬಿಡಿಸಿದರೆ 1/8 ಯಾಕೆ 1/4ಕ್ಕಿಂತ ಚಿಕ್ಕದು ಎಂದು ಕೈಗೇ ಗೊತ್ತಾಗುತ್ತದೆ. ತ್ರಿಭುಜದ ಮೂರು ಮೂಲೆ ಹರಿದು ಪಕ್ಕಪಕ್ಕ ಜೋಡಿಸಿದರೆ ನೇರ ಗೆರೆ, 180 ಡಿಗ್ರಿ. ದೊಡ್ಡ ತರಗತಿಯವರಿಗೆ ಮಾತ್ರ ಇದು ಗಣಿತದ ಸಾಧನೆ (ಪ್ರೂಫ್) ಅಲ್ಲ ಎಂದು ಹೇಳಿಬಿಡಿ. ಬೇರೆ ಬೇರೆ ಗಾತ್ರದ ಮುಚ್ಚಳಗಳ ಸುತ್ತ ನೂಲು ಸುತ್ತಿ, ಆ ಉದ್ದವನ್ನು ವ್ಯಾಸದಿಂದ ಭಾಗಿಸಿದರೆ ಎಲ್ಲರಿಗೂ ಮೂರಕ್ಕಿಂತ ತುಸು ಜಾಸ್ತಿ ಬರುತ್ತದೆ. ಯಾರದ್ದಾದರೂ 3.5 ಬಂದರೆ ನೂಲು ಸಡಿಲವಾಗಿತ್ತೋ, ವ್ಯಾಸ ಅಳೆದ ಗೆರೆ ನಟ್ಟನಡುವೆ ಹಾದಿರಲಿಲ್ಲವೋ ನೋಡಿ.

ಪೀರಿಯಡ್ ನಡೆಯುವಾಗ

ನಾಲ್ಕೈದು ಮಕ್ಕಳ ಗುಂಪಿನಲ್ಲಿ ಇಬ್ಬರು ಕೆಲಸ ಮಾಡಿ ಉಳಿದವರು ಕಿಟಕಿ ನೋಡುತ್ತಾರೆ. ಜೋಡಿ ಮಾಡಿ. ಒಬ್ಬರು ಮಾಡಲಿ, ಇನ್ನೊಬ್ಬರು ಬರೆಯಲಿ, ಅರ್ಧದಲ್ಲಿ ಅದಲುಬದಲಾಗಲಿ. 40 ನಿಮಿಷದಲ್ಲಿ ಚಟುವಟಿಕೆಗೆ ಹದಿನೈದು, ಹಾಳೆಗೆ ಹದಿನೈದು ಕೊಟ್ಟು ಮಾತಿಗೆ ಹತ್ತು ನಿಮಿಷ ಉಳಿಸಿಕೊಳ್ಳಿ. ಆ ಹತ್ತು ನಿಮಿಷವನ್ನೇ ನಾವು ಮೊದಲು ಬಲಿಕೊಡುವುದು. ಅದರ ಬದಲು ಆಟದಲ್ಲಿ ಒಂದು ಸುತ್ತು ಕಡಿಮೆ ಮಾಡಿ. "ಹೇಗೆ ಗೊತ್ತಾಯಿತು?" ಎಂಬ ಪ್ರಶ್ನೆಯನ್ನು ಸರಿ ಉತ್ತರ ಹೇಳಿದವರಿಗೂ ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ ಆ ಪ್ರಶ್ನೆ ಬಂದ ಕೂಡಲೇ ಮಕ್ಕಳು ಉತ್ತರ ಅಳಿಸಲು ಶುರುಮಾಡುತ್ತಾರೆ.

ಹಾಳೆ ತಿದ್ದುವಾಗ ಅಂಕ ಹಾಕುವ ಮೊದಲು ಮೂರು ಕಟ್ಟು ಮಾಡಿ: ಸರಿ ಮಾಡಿದವರು, ಒಂದೇ ಕಾರಣಕ್ಕೆ ತಪ್ಪಿದವರು, ಅಲ್ಲಲ್ಲಿ ತಪ್ಪಿದವರು. ನಾಳೆಯ ಮೊದಲ ಐದು ನಿಮಿಷ ನಡುವಿನ ಕಟ್ಟಿಗೆ. ಅದರಲ್ಲಿನ ಒಂದು ಲೆಕ್ಕವನ್ನು ಹೆಸರಿಲ್ಲದೆ, ನಿಮ್ಮದೇ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆಯಿರಿ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ಕಟ್ಟಿನಲ್ಲಿದ್ದರೆ ಮುಂದಿನ ಪಾಠಕ್ಕೆ ಹೋಗಬೇಡಿ, ಹಾಳೆಯನ್ನೇ ಮತ್ತೊಮ್ಮೆ ಬರೆಯಿರಿ. ಯಾವ ಪ್ರಶ್ನೆಯಲ್ಲಿ ಹೆಚ್ಚಿನವರು ನಿಂತರು, ಯಾವುದು ದಂಡ ಎಂದು ನಿಮ್ಮ ಪ್ರತಿಯ ಹಿಂಬದಿಯಲ್ಲಿ ಗುರುತು ಹಾಕಿಟ್ಟರೆ ಮುಂದಿನ ವರ್ಷ ಅಲ್ಲಿಂದಲೇ ತಿದ್ದಲು ಶುರುಮಾಡಬಹುದು.