ಕೇಸ್ ಬಿಚ್ಚದೆ ಉಳಿಸಿಕೊಂಡ ಇಂಜಿನ್

ಹಳೆಯ ಕ್ಯಾಂಪರ್ ವ್ಯಾನಿನ ಇಂಜಿನ್ ಕೆಳಗಿಳಿಯಿತೆಂದರೆ ಸಾಕು, "ಹೇಗೂ ಇಳಿಸಿದ್ದೀರಿ, ಪೂರ್ತಿ ಓವರ್‌ಹಾಲ್ ಮಾಡಿಬಿಡಿ" ಎಂಬ ಸಲಹೆ ಎಲ್ಲರಿಂದಲೂ ಬರುತ್ತದೆ. ನಾನು ಅದನ್ನು ಒಪ್ಪಲಿಲ್ಲ. ಇಂಜಿನ್ನಿನ ಮೇಲ್ಭಾಗವನ್ನಷ್ಟೇ, ಅಂದರೆ ಹೆಡ್ (ವಾಲ್ವುಗಳಿರುವ, ಸಿಲಿಂಡರನ್ನು ಮುಚ್ಚುವ ಭಾಗ), ಪಿಸ್ಟನ್ ಮತ್ತು ಸಿಲಿಂಡರುಗಳನ್ನು ಬದಲಿಸಿ, ಕ್ರ್ಯಾಂಕ್ ಶಾಫ್ಟನ್ನು ಹಿಡಿದಿಡುವ ಕೇಸಿಗೆ ಕೈ ಹಚ್ಚದೆ ಕೆಲಸ ನಿಲ್ಲಿಸಿದೆ. ವರ್ಷದೊಳಗೆ ಮತ್ತೆ ಇಳಿಸಬೇಕಾಗುತ್ತದೆ ಎಂದು ಅನುಭವಿಗಳೇ ಹೇಳಿದ್ದರು. ಹೊಸ ಹೆಡ್ಡುಗಳನ್ನು ಹಾಕಿದ ಮೇಲೆ ವ್ಯಾನು ಮೂವತ್ತು ಸಾವಿರ ಕಿಲೋಮೀಟರಿನ ಆಸುಪಾಸು ಓಡಿದೆ, ಇಂಜಿನ್ ಒಮ್ಮೆಯೂ ಕೆಳಗಿಳಿದಿಲ್ಲ. ಆದ್ದರಿಂದಲೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ನನ್ನದು 1970ರ ಫೋಕ್ಸ್‌ವ್ಯಾಗನ್ ಟೈಪ್ 2. ಗಾಳಿಯಿಂದ ತಂಪಾಗುವ, 85.5 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು 69 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) 1584 ಸಿಸಿ ಇಂಜಿನ್. ತೊಂದರೆ ಮೊದಲು ಕಾಣಿಸಿದ್ದು ಸಣ್ಣ ಅಂತರಗಳನ್ನು ತೆಳು ಲೋಹದ ಎಲೆಗಳಿಂದ ಅಳೆಯುವ ಫೀಲರ್ ಗೇಜಿನಲ್ಲಿ. ಇಂಜಿನ್ ತಣ್ಣಗಿದ್ದಾಗ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ 0.15 ಮಿ.ಮೀ. ಅಂತರ ಬಿಟ್ಟಿರುತ್ತಿದ್ದೆ, ಕೆಲವು ನೂರು ಕಿಲೋಮೀಟರ್ ಓಡಿಸಿ ಬಂದು ನೋಡಿದರೆ ಅದೇ ಗೇಜಿನ ಎಲೆ ಒಳಗೆ ಹೋಗುತ್ತಿರಲಿಲ್ಲ, 0.10ರ ಎಲೆಯೂ ಬಿಗಿಯಾಗಿ ನುಸುಳುತ್ತಿತ್ತು. ಅಂತರ ಹೀಗೆ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿದ್ದರೆ ವಾಲ್ವಿನ ಕಾಂಡ ಎಳೆದುಕೊಂಡು ಉದ್ದವಾಗುತ್ತಿದೆ ಅಥವಾ ವಾಲ್ವ್ ತಾನು ಕೂರುವ ಉಂಗುರವಾದ ಸೀಟಿನೊಳಕ್ಕೆ ಇಳಿಯುತ್ತಿದೆ ಎಂದೇ ತಿಳಿಯಬೇಕು. ಆ ಕಾಲದ ಇಂಜಿನ್ನುಗಳಲ್ಲಿ ಆಯಿಲ್ ಕೂಲರ್ ಫ್ಯಾನಿನ ಕವಚದೊಳಗೇ ಕುಳಿತು ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡವಾಗುವುದರಿಂದ, ಮೊದಲು ಸಾಯುವ ವಾಲ್ವ್ ಬಹುಮಟ್ಟಿಗೆ ಇದೇ.

ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ನೋಡಿದಾಗ ಉಳಿದ ಮೂರು ಸಿಲಿಂಡರುಗಳು 110 ಪಿಎಸ್‌ಐ ಸುತ್ತಮುತ್ತ ಇದ್ದವು, ಮೂರನೆಯದು ಮಾತ್ರ 60ಕ್ಕೆ ಇಳಿದಿತ್ತು. ಅದಕ್ಕೆ ಸ್ವಲ್ಪ ಆಯಿಲ್ ಹಾಕಿ ಮತ್ತೆ ನೋಡಿದರೂ ಮುಳ್ಳು ಮೇಲೇಳಲಿಲ್ಲ. ಅಂದರೆ ದೋಷ ಪಿಸ್ಟನ್ನಿನ ರಿಂಗುಗಳದ್ದಲ್ಲ. ಸಿಲಿಂಡರಿಗೆ ಗಾಳಿ ತುಂಬಿದಾಗ ಸದ್ದು ಸೈಲೆನ್ಸರಿನಿಂದ ಬಂತು, ಸೋರುತ್ತಿದ್ದುದು ಎಕ್ಸಾಸ್ಟ್ ವಾಲ್ವೇ.

ಇಷ್ಟಾದ ಮೇಲೆ, ಒಂದು ಸ್ಪ್ಯಾನರನ್ನೂ ಹಿಡಿಯುವ ಮೊದಲು, ಎಲ್ಲಿಯವರೆಗೆ ಹೋಗಬೇಕೆಂಬುದನ್ನು ಕಾಗದದ ಮೇಲೆ ಬರೆದಿಟ್ಟೆ. ಕ್ರ್ಯಾಂಕಿನ ಎಂಡ್ ಪ್ಲೇ (ಅದು ಹಿಂದೆ ಮುಂದೆ ಸರಿಯುವಷ್ಟು ಸಡಿಲ) 0.15 ಮಿ.ಮೀ. ದಾಟಿದ್ದರೆ, ಅಥವಾ ಚೆನ್ನಾಗಿ ಬಿಸಿಯಾದ ಇಂಜಿನ್ನಿನಲ್ಲಿ 2500 ಆರ್‌ಪಿಎಂಗೆ ಆಯಿಲ್ ಒತ್ತಡ 2 ಬಾರ್‌ಗಿಂತ ಕೆಳಗಿದ್ದರೆ, ಕೇಸ್ ಬಿಚ್ಚುವುದು. ಎರಡೂ ಮಿತಿಯೊಳಗಿದ್ದರೆ ಯಾರು ಏನೇ ಹೇಳಲಿ, ಬಿಚ್ಚದಿರುವುದು. ಪುಲ್ಲಿಗೆ ಡಯಲ್ ಗೇಜ್ ತಾಗಿಸಿ ಕ್ರ್ಯಾಂಕನ್ನು ಹಿಂದೆ ಮುಂದೆ ಎಳೆದಾಗ ಸಿಕ್ಕಿದ್ದು ಸುಮಾರು 0.10. ಒತ್ತಡವೂ ಎರಡು ಬಾರ್‌ಗಿಂತ ತುಸು ಮೇಲೇ ಇತ್ತು. ಇಂಥ ಮೆಗ್ನೀಸಿಯಂ ಕೇಸನ್ನು ಒಮ್ಮೆ ಬೇರ್ಪಡಿಸಿದರೆ ಬೇರಿಂಗ್, ಲೈನ್ ಬೋರಿಂಗ್ (ಬೇರಿಂಗ್ ಕೂರುವ ರಂಧ್ರಗಳನ್ನು ಒಂದೇ ಸಾಲಿಗೆ ಕೊರೆಯುವುದು), ವಾಲ್ವುಗಳನ್ನು ನಡೆಸುವ ಕ್ಯಾಮ್ ಎಂದು ಖರ್ಚಿಗೆ ಕೊನೆಯೇ ಇರುವುದಿಲ್ಲ. ನನಗೆ ಸಿಕ್ಕ ಅಂದಾಜಿನಲ್ಲಿ ಪೂರ್ತಿ ಕೆಲಸದ ವೆಚ್ಚ ಮೇಲ್ಭಾಗದ ಕೆಲಸದ ಎರಡೂವರೆ ಪಟ್ಟಿಗೆ ಹತ್ತಿರವಿತ್ತು.

ಮೇಲ್ಭಾಗವೂ ಸುಲಭವಾಗಿ ಮುಗಿಯಲಿಲ್ಲ. ಮೊದಲ ಸಲ ಹಳೆಯ ಹೆಡ್ಡಿನ ಬಿರುಕಿಗೆ ಬೆಸುಗೆ ಹಾಕಿಸಿ ಹೊಸ ಸೀಟ್ ಕೂರಿಸಿಕೊಟ್ಟ ವರ್ಕ್‌ಶಾಪಿಗೆ ಹೊಸ ಹೆಡ್ಡಿನ ಅರ್ಧದಷ್ಟು ಹಣ ಕೊಟ್ಟಿದ್ದೆ. ಎರಡು ಸಾವಿರ ಕಿಲೋಮೀಟರಿನೊಳಗೆ ಬಿಸಿಗೆ ಆ ಸೀಟ್ ಸಡಿಲವಾಗಿ ಇಡೀ ಹಣ ನೀರುಪಾಲಾಯಿತು. ಕೇಸ್ ಉಳಿಸಿದ ಹಣದಲ್ಲಿ ಹೆಡ್ಡಿಗೆ ಜಿಪುಣತನ ಮಾಡಬಾರದೆಂದು ನಾನು ಇಂದು ಒತ್ತಿ ಹೇಳುವುದು ಈ ಕಾರಣಕ್ಕೆ. ಎರಡನೆಯ ಬಾರಿ ಎರಡೂ ಹೆಡ್ಡುಗಳನ್ನು ಹೊಸದಾಗಿ ತಂದು, ಪಿಸ್ಟನ್ ಮತ್ತು ಸಿಲಿಂಡರುಗಳ ಸೆಟ್ಟನ್ನೂ ಜೊತೆಗೇ ಹಾಕಿದೆ. ಕೇಸಿಗೂ ಹೆಡ್ಡಿಗೂ ನಡುವೆ ಕೂರುವ, ವಾಲ್ವು ತೆರೆಯುವ ಕಡ್ಡಿಗಳಿರುವ ಪುಶ್‌ರಾಡ್ ಟ್ಯೂಬುಗಳನ್ನು 190 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚಿಗೆ ಎಳೆದು ಕೂರಿಸಿದ್ದರಿಂದ ಇವತ್ತಿಗೂ ಒಂದು ಹನಿ ಆಯಿಲ್ ಸೋರಿಲ್ಲ; ಇಂಥ ಇಂಜಿನ್ನುಗಳಲ್ಲಿ ಇದು ಅಪರೂಪವೆಂದು ಬಲ್ಲವರಿಗೆ ಗೊತ್ತು. ಹೆಡ್ಡಿನ ನಟ್ಟುಗಳನ್ನು ಮೊದಲು 10, ಆಮೇಲೆ 31 ನ್ಯೂಟನ್ ಮೀಟರಿಗೆ ಬಿಗಿಸಿದೆ. ಈ ಎರಡು ಸುತ್ತುಗಳ ನಡುವೆ ನಾನು ಮಾಡುವ ಒಂದು ಕೆಲಸವಿದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಈ ನಡುವೆ ಆಯಿಲಿನ ಮೇಲೂ ಕೆಲವು ಪ್ರಯೋಗ ಮಾಡಿದೆ. ಹೆಚ್ಚು ದಪ್ಪನೆಯ 20ಡಬ್ಲ್ಯೂ-50 ಆಯಿಲ್ ಹಾಕಿದಾಗ ಒತ್ತಡ ಕೊಂಚ ಏರಿತು, ಆದರೆ ಉದ್ದನೆಯ ಏರುದಾರಿಯಲ್ಲಿ ಆಯಿಲಿನ ಉಷ್ಣತೆ ಐದಾರು ಡಿಗ್ರಿ ಹೆಚ್ಚಾದದ್ದನ್ನು ಕಂಡು 30 ಗ್ರೇಡಿಗೇ ಮರಳಿದೆ. ಕೆಲವರು ಹೇಳುವಂತೆ, ಇಂಜಿನ್ ಬಿಸಿಯಾಗುವವರೆಗೆ ತಂಪು ಗಾಳಿಯನ್ನು ತಡೆಯುವ ಥರ್ಮೋಸ್ಟಾಟ್ ತೆಗೆದೂ ನೋಡಿದೆ. ಬೆಳಗ್ಗೆ ಇಂಜಿನ್ ಬೆಚ್ಚಗಾಗುವುದು ತಡವಾಯಿತೇ ಹೊರತು ಮಧ್ಯಾಹ್ನದ ಬಿಸಿ ಇಳಿಯಲಿಲ್ಲ, ಹಾಗಾಗಿ ವಾಪಸ್ಸು ಹಾಕಿದೆ.

ಈಗ ಪ್ರತಿ ಆಯಿಲ್ ಬದಲಾವಣೆಯಲ್ಲೂ ಸ್ಟ್ರೇನರ್ ಜಾಲರಿಯನ್ನು ಬಿಳಿ ಬಟ್ಟೆಯ ಮೇಲೆ ಕೊಡವಿ ಲೋಹದ ಪುಡಿಗಾಗಿ ಹುಡುಕುತ್ತೇನೆ, ಎಂಡ್ ಪ್ಲೇ ಅಳೆದು ಬರೆದಿಡುತ್ತೇನೆ. ಕಳೆದ ಸಲ ಅದು 0.11 ಅಥವಾ 0.12 ಇತ್ತು. ಕೇಸ್ ಬಿಚ್ಚದೆ ಉಳಿದ ಹಣ ಹಾಗೆಯೇ ಇದೆ, 0.15 ದಾಟಿದರೆ ಅದನ್ನೇ ತೆಗೆದು ಕೇಸ್ ಬಿಚ್ಚುತ್ತೇನೆ.